ಆರೋಗ್ಯ ಮಂತ್ರಿಯ ಕುದಿನೀರು

“ಸಾಯ್ರಿ! ಎಲ್ಲಾರೂ ಸಾಯ್ರಿ! ಒಬ್ಬರೂ ಉಳೀಬ್ಯಾಡ್ರಿ!”

ಮಹಾನಂದಾ ಹಲ್ಲು ಕಚ್ಚಿ ಪಿಸುಗುಟ್ಟುತ್ತ, ಒಲೆಯಿಂದ ಆಗಷ್ಟೇ ಇಳಿಸಿದ ಬೋಗಾಣಿಯನ್ನು ಬಗ್ಗಿಸಿದಳು. ಕುದಿಯುವ ನೀರು ಸ್ಟೀಲ್ ಲೋಟಕ್ಕೆ ಬಿತ್ತು. ಲೋಟದ ತಳದಲ್ಲಿದ್ದ ಬಿಳಿ ಪುಡಿ ಒಮ್ಮೆ ಮೇಲೆದ್ದು, ಗಿರಗಿರ ತಿರುಗಿ, ಕಾಣದಾಯಿತು. ಹಬೆ ಮೂಗಿಗೆ ಬಡಿಯಿತು. ಅವಳು ಹಿಂದೆ ಸರಿಯಲಿಲ್ಲ. ಕೊನೆಯ ಶತ್ರು ಬೀಳುವ ತನಕ ಕೋಟೆಯ ಮೇಲೆ ನಿಂತು ನೋಡುವ ಸೇನಾಪತಿಯ ಹಾಗೆ ಲೋಟದೊಳಗೇ ನೋಡುತ್ತಿದ್ದಳು.

“ಮುಂಜಾನೆದ್ದು ಯಾರಿಗೆ ಬೈಯಾಕತ್ತಿ ಬೇ?” ಪಡಸಾಲೆಯಿಂದ ಅಜ್ಜಿ ಮಹಾದೇವಕ್ಕನ ಧ್ವನಿ ಬಂತು.

“ಯಾರಿಗೂ ಇಲ್ಲಜ್ಜಿ. ನೊಣಕ್ಕ.”

“ನೊಣಾ ಬೈದ್ರ ಸಾಯ್ತಾವೇನು? ಹೊಡೀಬೇಕು!”

ಮಹಾನಂದಾ ನೋಟ್‌ಬುಕ್ಕಿನ ರಟ್ಟಿನಿಂದ ಗಾಳಿ ಬೀಸಿ ಲೋಟವನ್ನು ಆರಿಸಿದಳು. ಆಮೇಲೆ ಪಡಸಾಲೆಗೆ ಹೋಗಿ, ಕೌದಿಯ ಮೇಲೆ ಮಲಗಿದ್ದ ತಮ್ಮನ ಬಾಯಿಗೆ ಚಮಚ ಹಿಡಿದಳು. ಗೌರೀಶ ಕಣ್ಣು ಅರ್ಧ ತೆರೆದು, ಸುಮ್ಮನೆ ಕುಡಿದ.

“ಶಾಣ್ಯಾ,” ಎಂದಳು ಮಹಾನಂದಾ. “ಈಗ ನಿನಗ ಏನೂ ಆಗೂದಿಲ್ಲ. ನಾ ಎಲ್ಲಾ ಕೊಂದೇನಿ.”

ಆ ಪುಡಿಯಲ್ಲಿ ಅವಳು ಕೊಂದದ್ದು ಯಾರನ್ನು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೌರೀಶನಿಗೆ ಇನ್ನೂ ಮೂರು ತುಂಬಿರಲಿಲ್ಲ. ಶುಕ್ರವಾರ ರಾತ್ರಿಯಿಂದ ಅವನ ಹೊಟ್ಟೆ ಕೆಟ್ಟಿತ್ತು. ಒಗೆದ ಚಡ್ಡಿಗಳು ಅಂಗಳದ ತುಂಬ ನೇತಾಡತೊಡಗಿದವು. ಶನಿವಾರ ಶಾಲೆ ಅರ್ಧ ದಿನ. ಮಹಾನಂದಾ ಪಾಟೀಚೀಲ ಎಸೆದು ಹೊರಗೆ ಬರುವಷ್ಟರಲ್ಲಿ ಅಪ್ಪ, ಅವ್ವ ತಮ್ಮನನ್ನು ಎತ್ತಿಕೊಂಡು ಟಂಟಂ ಆಟೋ ಹತ್ತುತ್ತಿದ್ದರು. ಅವಳೂ ನಡುವೆ ನುಸುಳಿ ಕುಳಿತಳು.

ನವಲಗುಂದದ ದವಾಖಾನೆಯಲ್ಲಿ ಡಾಕ್ಟರ್ ಮೇಡಂ ಗೌರೀಶನ ಹೊಟ್ಟೆಯ ಚರ್ಮ ಮೆಲ್ಲಗೆ ಚಿವುಟಿ ನೋಡಿದರು. ನಾಲಿಗೆ ನೋಡಿದರು. ಆಮೇಲೆ ಮೂರು ಔಷಧ ಹೇಳಿದರು. ಒಂದು, ನೀರಿನಲ್ಲಿ ಕಲಸಿ ಕುಡಿಸುವ ಓಆರ್‌ಎಸ್. ಇನ್ನೊಂದು, ಝಿಂಕ್ ಗುಳಿಗೆ. ಮೂರನೆಯದು, ಸಣ್ಣ ಪೊಟ್ಟಣದ ಬಿಳಿ ಪುಡಿ.

“ಇದು ಪ್ರೊಬಯಾಟಿಕ್. ಇದರೊಳಗ ಜೀವಂತ ಬ್ಯಾಕ್ಟೀರಿಯಾ ಇರ್ತಾವ. ಮುಂಜಾನೆ ಒಂದು, ಸಂಜಿಗೆ ಒಂದು ನೀರಾಗ ಕಲಸಿ ಕುಡಿಸ್ರಿ,” ಎಂದರು ಮೇಡಂ. ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಬಾಜು ಕೂತಿದ್ದ ಒಂದು ಕೂಸು ಸೂಜಿ ಕಂಡು ಎಂಥ ಚೀರು ಚೀರಿತೆಂದರೆ, ಉಳಿದ ಮಾತು ಆ ಚೀರಿನಲ್ಲೇ ಮುಳುಗಿಹೋಯಿತು.

“ಹೌದ್ರಿ ಮೇಡಂ,” ಎಂದ ಅಪ್ಪ ಕಾಶಿನಾಥ.

“ಹೂಂರಿ,” ಎಂದಳು ಅವ್ವ.

ಮಹಾನಂದಾಳ ಕಣ್ಣು ಮಾತ್ರ ದೊಡ್ಡವಾದವು. ಜೀವಂತ ಬ್ಯಾಕ್ಟೀರಿಯಾ! ತಮ್ಮನ ಹೊಟ್ಟೆಗೆ!

ಅವಳು ಸುಮ್ಮಸುಮ್ಮನೆ ಬೆಚ್ಚುವ ಹುಡುಗಿಯಲ್ಲ. ಊರಿನ ಸರಕಾರಿ ಶಾಲೆಯ ಸಂಸತ್ತಿನಲ್ಲಿ ಅವಳು ಆರೋಗ್ಯ ಮಂತ್ರಿ. ತನ್ನ ತರಗತಿಯ ಪ್ರತಾಪನ ವಿರುದ್ಧ ನಿಂತು, ಚೀಟಿ ಹಾಕಿಸಿ, ಗೆದ್ದು ಬಂದವಳು. ಉಗುರು ನೋಡುವುದು, ಕೈ ತೊಳೆಯುವ ಕಡೆ ಸಾಬೂನು ಇದೆಯೋ ಇಲ್ಲವೋ ನೋಡುವುದು, ನೀರಿನ ಡ್ರಮ್ಮಿಗೆ ಮುಚ್ಚಳ ಹಾಕಿಸುವುದು ಎಲ್ಲ ಅವಳ ಖಾತೆ. ಬಿಸಿಯೂಟದ ಕೋಣೆಯ ಹೊರಗೆ ಅವಳೇ ಬರೆದ ಚಿತ್ರ ಅಂಟಿಸಿತ್ತು. ಹಸಿರು ಬಣ್ಣದ ಬ್ಯಾಕ್ಟೀರಿಯಾ. ಅದಕ್ಕೆ ಎರಡು ಕೋಡು, ಕೋರೆಹಲ್ಲು, ಬಾಲ. ಕೆಳಗೆ ದಪ್ಪ ಅಕ್ಷರದಲ್ಲಿ “ಇವರನ್ನು ಕಂಡಲ್ಲಿ ಕೊಲ್ಲಿರಿ. ನೀರು ಕುದಿಸಿರಿ” ಎಂದಿತ್ತು.

ಅಂಥವರನ್ನು ಪೊಟ್ಟಣದಲ್ಲಿ ತುಂಬಿ ಕೊಡುತ್ತಿದ್ದಾರೆ, ಅಪ್ಪ ನೋಡಿದರೆ ಹೌದ್ರಿ ಅನ್ನುತ್ತಿದ್ದಾನೆ. ದೊಡ್ಡವರು ಕೆಲವೊಮ್ಮೆ ಕೇಳಿಸಿಕೊಳ್ಳುವ ಮೊದಲೇ ಹೌದ್ರಿ ಅಂದುಬಿಡುತ್ತಾರೆ.

ಮೇಡಮ್ಮಿಗೆ ಎದುರು ಮಾತಾಡುವ ಧೈರ್ಯ ಅವಳಿಗೂ ಬರಲಿಲ್ಲ. ಟಂಟಂನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಯೋಚಿಸಿದಳು. ಔಷಧ ಕೊಡದೆ ಇದ್ದರೆ ತಪ್ಪು. ಬ್ಯಾಕ್ಟೀರಿಯಾ ಕುಡಿಸಿದರೆ ಇನ್ನೂ ದೊಡ್ಡ ತಪ್ಪು. ಹಾಗಾದರೆ ಒಂದೇ ದಾರಿ. ಮೊದಲು ಕೊಲ್ಲುವುದು, ಆಮೇಲೆ ಕುಡಿಸುವುದು!

“ಪುಡಿ ನಾ ಕುಡಿಸ್ತೇನಿ,” ಎಂದು ಅವಳು ಆ ಕೆಲಸ ತಾನೇ ವಹಿಸಿಕೊಂಡಳು. ಶನಿವಾರ ಸಂಜೆ ಒಂದು ಪೊಟ್ಟಣ ಕುದಿನೀರಿಗೆ ಹೋಯಿತು. ಭಾನುವಾರ ಮುಂಜಾನೆ ಇನ್ನೊಂದು. ಔಷಧದ ಅಂಗಡಿಯಲ್ಲಿ ಅಂದು ಮೂರೇ ಇದ್ದವು. ಈಗ ಉಳಿದದ್ದು ಒಂದು.

*

ಅಪ್ಪ ಬೈಕ್ ತೆಗೆದ. ಕಿತ್ತ ಹೆಸರುಕಾಳಿನ ಬೆಳೆ ಬೆಣ್ಣಿಹಳ್ಳದ ಆಚೆಯ ಹೊಲದಲ್ಲಿ ಗುಡ್ಡೆ ಬಿದ್ದಿತ್ತು. ಮುಗಿಲು ಎಮ್ಮೆಯ ಬೆನ್ನಿನಷ್ಟು ಕಪ್ಪಾಗಿತ್ತು. ತಾಡಪತ್ರಿ ಹೊಚ್ಚಲು ಒಬ್ಬರ ಕೈ ಸಾಲದು.

ಅವ್ವನಿಗೆ ಹೋಗಲು ಮನಸ್ಸಿರಲಿಲ್ಲ. ಗೌರೀಶನ ಹಣೆ ಮುಟ್ಟಿದಳು. ಮತ್ತೆ ಮುಟ್ಟಿದಳು. “ಹೊಚ್ಚಿ ಬಂದಬಿಡ್ತೇವಿ. ಓಆರ್‌ಎಸ್ ಕಲಸಿದ ಬಾಟ್ಲಿ ಇಲ್ಲೈತಿ. ಹೊಟ್ಟಿ ಜಾಡಿಸಿದಾಗೆಲ್ಲಾ ಕುಡಿಸ್ರಿ. ಅತ್ತೀ, ಮರೀಬ್ಯಾಡ್ರಿ.”

“ನಾ ಏನ್ ಮಕ್ಕಳ್ನ ಸಾಕಿಲ್ಲೇನು? ಹೋಗ ಹೋಗ,” ಎಂದಳು ಅಜ್ಜಿ.

ಬೈಕಿನ ಸದ್ದು ಓಣಿ ದಾಟುತ್ತಲೇ ಅಜ್ಜಿ ಎದ್ದು, ಓಆರ್‌ಎಸ್ ಬಾಟ್ಲಿಯನ್ನು ಬಾಗಿಲ ಮೇಲಿನ ಹಲಗೆಯ ಮೇಲೆ, ಮಹಾನಂದಾಳ ಕೈಗೆ ಎಟುಕದ ಕಡೆ ಇಟ್ಟಳು.

“ಅಜ್ಜಿ! ಅವ್ವ ಕುಡಿಸು ಅಂದಾಳ!”

“ನೋಡ್ಲಿಲ್ಲೇನು ನೀ? ಕುಡಿಸಿದಷ್ಟೂ ಹೊರಗ ಹೊಂಟೈತಿ. ಒಂದೀಟು ಹೊತ್ತು ಬಾಯಿ ಬಂದ್ ಇಟ್ರ ಹೊಟ್ಟಿನೂ ಬಂದ್ ಆಗ್ತೈತಿ. ನಿಮ್ಮಪ್ಪಗೂ ನಾ ಹಂಗ ಮಾಡಿದ್ದು. ಬದುಕಿಲ್ಲೇನವ? ಬೈಕ್ ಹೊಡೀತಾನ!”

ಅಪ್ಪ ಬೈಕ್ ಹೊಡೆಯುವುದು ನಿಜವೇ ಆಗಿತ್ತು.

ಬೆಣ್ಣಿಹಳ್ಳದ ಸ್ವಭಾವ ಆ ಕಡೆಯವರಿಗೆಲ್ಲ ಗೊತ್ತು. ಇಲ್ಲಿ ನಾಲ್ಕು ಹನಿ ಬಿದ್ದಿರುವುದಿಲ್ಲ. ಮೇಲೆ ಎಲ್ಲೋ ಹುಬ್ಬಳ್ಳಿ, ಕುಂದಗೋಳ ಕಡೆ ಸುರಿದಿರುತ್ತದೆ. ನೋಡನೋಡುತ್ತ ಹಳ್ಳ ಕೆಂಪಗೆ ಉಬ್ಬಿ, ಮುಳ್ಳುಕಂಟಿ, ಚಪ್ಪಲಿ, ಪ್ಲಾಸ್ಟಿಕ್ ಕೊಡ ಎಲ್ಲ ಹೊತ್ತುಕೊಂಡು ಬರುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪನ ಫೋನ್ ಬಂತು.

“ಸೇತುವಿ ಮ್ಯಾಲೆ ನೀರ ಬಂದೈತಿ ನಂದಾ. ದಾಟಾಕ ಆಗವಲ್ದು, ನವಲಗುಂದದ ದಾರಿನೂ ಬಂದ್ ಆಗೈತಿ. ನಾವು ಇಲ್ಲೇ ಯಮನೂರಾಗ ಇರ್ತೇವಿ. ಇಳಿದ ಕೂಡಲೇ ಬರ್ತೇವಿ. ತಮ್ಮಾ ಹೆಂಗದಾನ?”

ಹಿಂದಿನಿಂದ ಅವ್ವನ ಧ್ವನಿ ಕೇಳುತ್ತಿತ್ತು. “ಕುಡೀತಾನೇನು ಕೇಳ್ರಿ! ಕುಡೀತಾನೇನು ಕೇಳ್ರಿ!”

ಅಜ್ಜಿ ಫೋನ್ ಕಸಿದುಕೊಂಡು, “ಆರಾಮ ಮಲಗ್ಯಾನ. ನೀವು ನೀರಿಗೆ ಇಳದೀರಿ ಮತ್ತ!” ಎಂದು ಇಟ್ಟುಬಿಟ್ಟಳು.

ಮಲಗಿದ್ದೇನೋ ನಿಜ. ಆದರೆ ಅದು ಮಹಾನಂದಾ ನೋಡಿದ್ದ ನಿದ್ದೆಯಾಗಿರಲಿಲ್ಲ. ಎಬ್ಬಿಸಿದರೆ ಗೌರೀಶ ಕಣ್ಣು ತೆರೆಯುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ತುಟಿ ಬಿರುಕುಬಿಟ್ಟಿತ್ತು. ಒಮ್ಮೆ ಅತ್ತ. ಬಾಯಿ ಅಗಲವಾಯಿತು, ಮುಖ ಸೊಟ್ಟಗಾಯಿತು, ಸಣ್ಣ ದನಿಯೂ ಬಂತು. ಕಣ್ಣು ಮಾತ್ರ ಒಣಗಿದ ಬಾವಿಗಳ ಹಾಗೆ ಉಳಿದವು. ಮುಖದಲ್ಲಿ ಅಳು ಇತ್ತು, ನೀರು ಇರಲಿಲ್ಲ.

ಮಹಾನಂದಾ ಅವನ ಒಣ ಕೆನ್ನೆ ಮುಟ್ಟಿ ನೋಡಿದಳು. ಪುಡಿಯಲ್ಲಿದ್ದವರನ್ನೆಲ್ಲ ಕೊಂದಿದ್ದೇನಲ್ಲ, ಮತ್ತೆ ಯಾಕೆ ಹೀಗೆ?

*

“ನಂದಾ, ಹೆಪ್ಪಿನ ಬಟ್ಟಲಾ ತಾ ಬೇ,” ಎಂದು ಅಡುಗೆಮನೆಯಿಂದ ಅಜ್ಜಿ ಕರೆದಳು. ಏನೇ ಬರಲಿ, ಅಜ್ಜಿ ಹಾಲಿಗೆ ಹೆಪ್ಪು ಹಾಕುವುದು ತಪ್ಪುತ್ತಿರಲಿಲ್ಲ. ಅವಳ ಮೊಸರು ಎಂದರೆ ಗಡಿಗೆ ಮಗುಚಿ ಹಿಡಿದರೂ ಬೀಳದ ಮೊಸರು. ಓಣಿಯ ಅರ್ಧ ಮನೆಗಳ ಹೆಪ್ಪು ಆ ಬಟ್ಟಲಿನಿಂದಲೇ ಹೋದದ್ದು.

ಮಹಾನಂದಾಳ ಮನಸ್ಸೆಲ್ಲ ಪಡಸಾಲೆಯಲ್ಲಿತ್ತು. ಬಟ್ಟಲು ತಂದವಳೇ, ಹಿಂದೆಮುಂದೆ ನೋಡದೆ ಹಾಲಿನ ಪಾತ್ರೆಗೆ ಸುರಿಯಲು ಹೋದಳು. ಅಜ್ಜಿ ಫಟ್ಟನೆ ಕೈಗೆ ಹೊಡೆದಳು.

“ಏ ಹುಚ್ಚಿ! ಹಬಿ ಹೊಂಟಿದ್ದು ಕಾಣವಲ್ದೇನು? ಸುಡೂ ಹಾಲಿಗೆ ಹಾಕಿದ್ರ ಹೆಪ್ಪು ಸಾಯ್ತೈತಿ!”

“ಸಾಯ್ತೈತಿ?”

“ಮತ್ತ? ಸತ್ತ ಹೆಪ್ಪಿಲೆ ಮೊಸರು ಆಗ್ತೈತೇನು? ನಾಳೆ ಮುಂಜಾನೆ ಹಾಲು ಹಾಲ ಇರ್ತೈತಿ, ಇಲ್ಲಾ ನಾರ್ತೈತಿ.”

“ಹೆಪ್ಪಿಗೆ ಜೀವ ಐತೇನಜ್ಜಿ?”

“ಜೀವ ಇಲ್ದಿದ್ರ ಒಂದ ಚಮಚಾ ಹೆಪ್ಪು ಒಂದ ಪಾತ್ರಿ ಹಾಲನ್ನ ಹೆಂಗ ಮೊಸರು ಮಾಡ್ತೈತಿ? ಅದು ಒಳಗ ಬೆಳೀತೈತಿ ಬೇ. ಅದಕ್ಕ ಬಿಸಿ ಆಗೂದಿಲ್ಲ, ತೀರಾ ಥಂಡಿನೂ ಆಗೂದಿಲ್ಲ. ಕೂಸಿನ ಸ್ನಾನದ ನೀರು ಇರ್ತೈತಲ್ಲ, ಹಂಗಿರಬೇಕು.”

ಮಹಾನಂದಾ ಬಟ್ಟಲಿನೊಳಗೆ ನೋಡಿದಳು. ಬೆಳ್ಳಗೆ, ತಣ್ಣಗೆ, ಏನೂ ಗೊತ್ತಿಲ್ಲದ ಹಾಗೆ ಒಂದು ಮುದ್ದೆ ಹೆಪ್ಪು ಕೂತಿತ್ತು. ಅದಕ್ಕೆ ಕೋಡಿರಲಿಲ್ಲ. ಕೋರೆಹಲ್ಲಿರಲಿಲ್ಲ. ಇಷ್ಟು ವರ್ಷ ಅವಳು ಅದನ್ನು ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಲೇ ಬಂದಿದ್ದಳು.

ಜೀವಂತ ಬ್ಯಾಕ್ಟೀರಿಯಾ ಇರ್ತಾವ ಎಂದಿದ್ದರು ಮೇಡಂ. ಹೆದರಿಸಲು ಹೇಳಿದ್ದಲ್ಲ ಅದು. ಜೀವಂತ ಇರಬೇಕು ಎಂದೇ ಹೇಳಿದ್ದು!

ಅವಳು ಬಟ್ಟಲು ಹಿಡಿದುಕೊಂಡೇ ಅಜ್ಜಿಯತ್ತ ತಿರುಗಿದಳು.

“ಅಜ್ಜಿ, ನಾ ಔಷಧ ಕೊಂದ್ನಿ.”

“ಏನ್ ಕೊಂದಿ?”

“ಪುಡಿ! ಗೌರೀಶನ ಪುಡಿ! ಅದೂ ಹೆಪ್ಪ ಇದ್ದಂಗ. ಅದರಾಗ ಜೀವ ಇತ್ತು. ನಾ ಕುದಿನೀರು ಹಾಕಿ ಎರಡೂ ಸಲ ಕೊಂದಬಿಟ್ನಿ. ಅದಕ್ಕ ಅವಗ ಆರಾಮ ಆಗವಲ್ದು!”

ಅಜ್ಜಿ ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟಳು. ಬೈಯುತ್ತಾಳೆ ಎಂದು ಮಹಾನಂದಾ ಕಣ್ಣು ಮುಚ್ಚಿದಳು. ಅಜ್ಜಿ ಬೈಯಲಿಲ್ಲ. ಪಡಸಾಲೆಗೆ ಹೋಗಿ ಮೊಮ್ಮಗನ ಕೆನ್ನೆ ತಟ್ಟಿದಳು. “ಗೌರ್‍ಯಾ! ಏ ಗೌರ್‍ಯಾ! ನೋಡಿಲ್ಲೆ!” ಅವನು ಕಣ್ಣು ತೆರೆದು ಮುಚ್ಚಿದ. ಅಜ್ಜಿಯ ಮುಖದ ಬಣ್ಣ ಇಳಿಯಿತು.

“ಓಡ,” ಎಂದಳು. “ಜರೀನಾನ ಕರಕೊಂಡ ಬಾ.”

*

ಜರೀನಾಬಿ ಊರಿನ ಆಶಾ ಕಾರ್ಯಕರ್ತೆ. ಅವಳ ಮನೆ ಎರಡು ಓಣಿ ಆಚೆ. ಹಿಂದಿನ ಮಳೆಗೆ ನೆಂದ ಕಪ್ಪು ಎರಿಮಣ್ಣು ಮಹಾನಂದಾಳ ಚಪ್ಪಲಿಗೆ ಮೆತ್ತಿ ಮೆತ್ತಿ ರೊಟ್ಟಿಯಷ್ಟಾಯಿತು. ಅವಳು ಚಪ್ಪಲಿ ಅಲ್ಲಿಯೇ ಬಿಟ್ಟು ಬರಿಗಾಲಲ್ಲಿ ಓಡಿದಳು.

ಜರೀನಾಬಿ ಬಂದು ಗೌರೀಶನನ್ನು ನೋಡಿದವಳೇ ಬಾಯಿಗೆ ಬಂದಿದ್ದ ತಮಾಷೆಯ ಮಾತು ನುಂಗಿಕೊಂಡಳು. ಅವನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಅದು ಮೆಲ್ಲಗೆ, ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಳಿಯಿತು. ಅವಳು ಕೂಡಲೇ ದವಾಖಾನೆಯ ಡಾಕ್ಟರ್ ಮೇಡಮ್ಮಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

“ಎಬ್ಬಿಸಿದ್ರ ಕಣ್ಣ ತೆರೀತಾನೇನು?” ಮೇಡಂ ಕೇಳಿದರು.

“ತೆರೀತಾನ್ರಿ.”

“ನೀರು ತುಟಿಗೆ ಹಿಡದ್ರ ಕುಡೀತಾನೇನು?”

ಜರೀನಾಬಿ ಒಂದು ಚಮಚ ಹಿಡಿದಳು. ಗೌರೀಶನ ಬಾಯಿ ಚಮಚವನ್ನೇ ಹಿಡಿದುಕೊಂಡಿತು.

“ಕುಡೀತಾನ್ರಿ. ಅಗದಿ ಆಸೆಲೆ ಕುಡೀತಾನ.”

“ಹಂಗಾರ ನಮ್ಮ ಕೈಯಾಗ ಐತಿ.”

ಮಹಾನಂದಾಳಿಗೆ ತಡೆಯಲಾಗಲಿಲ್ಲ. ಫೋನಿನ ಹತ್ತಿರ ಬಾಯಿ ತಂದು ಒಂದೇ ಉಸಿರಿಗೆ ಹೇಳಿದಳು: “ಮೇಡಂರೀ, ನಾನ ಅವನ ಅಕ್ಕ. ಔಷಧ ನಾ ಕೊಂದ್ನಿರಿ. ಪುಡಿಗೆ ಕುದಿನೀರ ಹಾಕಿದ್ನಿ. ಬ್ಯಾಕ್ಟೀರಿಯಾ ಅಂದ್ರ ಎಲ್ಲಾ ಕೆಟ್ಟವ ಅನ್ಕೊಂಡಿದ್ನಿರಿ.”

ಫೋನಿನಲ್ಲಿ ಮೇಡಂ ನಕ್ಕರು. ಅದು ಬೈಗುಳದ ನಗೆಯಾಗಿರಲಿಲ್ಲ.

“ಒಂದು ಪೊಟ್ಟಣದಾಗ ಕೋಟಿಗಟ್ಟಲೆ ಇರ್ತಾವ ಹುಡುಗಿ. ದೊಡ್ಡ ಯುದ್ಧಾನ ಮಾಡೀಯಲ್ಲ!”

“ಅದಕ್ಕ ಅವ ಹಿಂಗ ಆಗ್ಯಾನೇನ್ರಿ?”

“ಅಲ್ಲ. ಚೆಂದಗೆ ಕೇಳು. ಆ ಪುಡಿ ಸಹಾಯಕ್ಕ ಬಂದ ನೆಂಟ ಇದ್ದಂಗ. ಕೆಲವು ಮಕ್ಕಳಿಗೆ ಒಂದೀಟು ಲಗೂ ಆರಾಮ ಆಗ್ತೈತಿ. ಕೆಲವರಿಗೆ ಏನೂ ಫರಕ ಬೀಳೂದಿಲ್ಲ. ಮನಿ ನಡೆಸೂದು ನೆಂಟ ಅಲ್ಲ. ನಿನ್ನ ತಮ್ಮನ ಮೈಯಾಗಿನ ನೀರು, ಉಪ್ಪು ಹೊರಗ ಹೋಗೈತಿ. ಅದನ್ನ ವಾಪಸ್ ತರೂದು ಓಆರ್‌ಎಸ್. ಮುಂಜಾನಿಂದ ಎಷ್ಟು ಕುಡಿಸೀರಿ?”

ಮಹಾನಂದಾ ಬಾಯಿ ತೆರೆದಳು. ಬಾಗಿಲ ಮೇಲಿನ ಹಲಗೆಯತ್ತ ಕಣ್ಣು ಹೋಯಿತು. ಆಮೇಲೆ ಅಜ್ಜಿಯತ್ತ ಹೋಯಿತು. ಬಾಯಿ ಮತ್ತೆ ಮುಚ್ಚಿದಳು.

“ಹಲೋ? ಎಷ್ಟು ಕುಡಿಸೀರಿ?”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದ ಹನಿನೂ ಕುಡಿಸಿಲ್ರಿ ಮೇಡಮ್ಮಾರ,” ಎಂದಳು. “ನಾನ ಮ್ಯಾಲೆ ಇಟ್ಟೇನಿ. ಕುಡಿಸಿದ್ರ ಇನ್ನಷ್ಟು ಹೋಗ್ತೈತಿ ಅಂತ ತಿಳಕೊಂಡಿದ್ನಿ.”

“ಹೋಗ್ತೈತಿ ಅಜ್ಜಿ, ಹೋಗಲಿ. ಹೋಗೂದಕ್ಕಿಂತ ಹೆಚ್ಚು ನಾವು ಒಳಗ ಹಾಕೂಣು. ಈಗಿಂದ ಶುರು ಮಾಡ್ರಿ. ಗಟಗಟ ಅಲ್ಲ, ಒಂದೊಂದ ಚಮಚಾ. ವಾಂತಿ ಆದ್ರ ಒಂದೀಟು ನಿಂತು ಮತ್ತ ಶುರು ಮಾಡ್ರಿ. ಉಚ್ಚಿ ಹೊಯ್ದ್ರ ಮೈಗೆ ನೀರು ಬಂತು ಅಂತ ಅರ್ಥ, ಹೊಯ್ದ ಕೂಡಲೇ ನನಗ ಫೋನ್ ಮಾಡ್ರಿ. ಕುಡೀದ ಬಿಟ್ರ, ಎಬ್ಬಿಸಿದ್ರೂ ಏಳದಿದ್ರ, ರಕ್ತ ಕಂಡ್ರ, ಆಗಂತೂ ಒಂದ ನಿಮಿಷ ಕಾಯಬ್ಯಾಡ್ರಿ. ಹಳ್ಳ ಇರಲಿ, ಏನರ ಇರಲಿ, ನಾ ಬೋಟ್ ಕಳಸಾಕ ಹೇಳ್ತೇನಿ. ಇನ್ನೊಂದು ಪುಡಿ ಉಳದೈತೇನು?”

“ಒಂದೈತ್ರಿ,” ಎಂದಳು ಮಹಾನಂದಾ.

“ಕುದಿಸಿ ಆರಿಸಿದ ನೀರಾಗ ಹಾಕು. ನೀರು ಆರಿರಬೇಕು. ಊಟನೂ ಬಿಡಿಸಬ್ಯಾಡ್ರಿ. ಮೆತ್ತನ್ನ ಅನ್ನ, ತಾಜಾ ಮೊಸರು ಕೊಡ್ರಿ.”

“ಮಳಿಗಾಲದಾಗ ಮೊಸರ?” ಅಜ್ಜಿಯ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು.

“ಅಜ್ಜೀ!” ಎಂದು ಮಹಾನಂದಾ ಕಣ್ಣು ಬಿಟ್ಟಳು.

“ಆತು ಬೇ, ಆತು. ಕೇಳಿದ್ನಿ ಅಷ್ಟ.”

*

ಅಜ್ಜಿ ತಾನೇ ಪೀಠದ ಮೇಲೆ ಹತ್ತಿ, ಬಾಟ್ಲಿ ಇಳಿಸಿ, ಮೊಮ್ಮಗಳ ಕೈಗೆ ಕೊಟ್ಟಳು.

ಬಾಟ್ಲಿಯಲ್ಲಿದ್ದದ್ದು ನಿನ್ನೆ ಸಂಜೆ ಕಲಸಿದ್ದು. “ಅದು ಚೆಲ್ರಿ,” ಎಂದು ಜರೀನಾಬಿ ತನ್ನ ಚೀಲದಿಂದ ಹೊಸ ಓಆರ್‌ಎಸ್ ಪೊಟ್ಟಣ ತೆಗೆದು, ಆರಿದ ನೀರಿನಲ್ಲಿ ಕಲಸಿದಳು. “ಯಾರ ಕುಡಿಸಾವ್ರು?”

“ನಾನು,” ಎಂದಳು ಮಹಾನಂದಾ.

“ಮಂತ್ರಿಗೋಳು ಭಾಷಣಾ ಮಾಡ್ತಾರ, ಕೆಲಸಾ ಮಾಡೂದಿಲ್ಲ ಬೇಟಿ. ನೋಡೂಣು ನೀ ಎಷ್ಟೊತ್ತು ಕೂಡ್ತೀ.”

ಮಹಾನಂದಾ ಕೂತಳು. ಚಮಚ ತುಂಬುವುದು, ತುಟಿಗೆ ಹಿಡಿಯುವುದು, ನುಂಗಿದ ಸದ್ದು ಕೇಳುವುದು, ಮತ್ತೆ ತುಂಬುವುದು. ಗುಟುಕ್. ಗುಟುಕ್. ಹೊರಗೆ ಮಳೆ ಶುರುವಾಯಿತು. ತಗಡಿನ ಮೇಲೆ ಜೋಳ ಸುರಿದ ಹಾಗೆ ಸದ್ದು. ಅವಳ ಕಾಲು ಜೋಮು ಹಿಡಿಯಿತು, ಬದಲಿಸಿ ಕೂತಳು. ಒಮ್ಮೆ ಗೌರೀಶ ಎಲ್ಲವನ್ನೂ ಅವಳ ಲಂಗದ ಮೇಲೆ ವಾಂತಿ ಮಾಡಿದ. ಅವಳಿಗೆ ಅಳು ಬಂತು. ಅಷ್ಟು ಹೊತ್ತು ಕುಡಿಸಿದ್ದೆಲ್ಲ ಲಂಗದ ಮೇಲಿತ್ತು!

“ಬಿಡು, ನಾ ಹಿಡೀತೇನಿ,” ಎಂದಳು ಅಜ್ಜಿ.

“ಬ್ಯಾಡ. ಒಂದೀಟು ನಿಂತು ಮತ್ತ ಶುರು ಮಾಡ್ರಿ ಅಂದಾರ.”

ಲಂಗ ಬದಲಿಸಿ ಬಂದಳು. ಸ್ವಲ್ಪ ಕಾದಳು. ಮತ್ತೆ ಚಮಚ ತುಂಬಿದಳು. ಗುಟುಕ್.

ಕೊನೆಯ ಪುಡಿಯ ಹೊತ್ತು ಬಂದಾಗ ಅಜ್ಜಿ ಕುದಿಸಿದ ನೀರನ್ನು ಲೋಟಕ್ಕೆ ಹಾಕಿ ಕಿಟಕಿಯಲ್ಲಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಸಾಬೂನು ಹಚ್ಚಿ ಕೈ ತೊಳೆದು ಬಂದು, ಆ ನೀರಿನ ಒಂದು ಹನಿಯನ್ನು ತನ್ನ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡಳು. ಮೊಸರಿನ ಹಾಲು ನೋಡುವಾಗ ಅವಳು ಹೀಗೆಯೇ ತಲೆ ಓರೆ ಮಾಡಿ, ದೂರದ ಮಾತು ಕೇಳುವವಳ ಹಾಗೆ ನಿಲ್ಲುತ್ತಿದ್ದಳು.

“ಇನ್ನೂ ಸಿಟ್ಟೈತಿ,” ಎಂದಳು.

ಮತ್ತೆ ಕಾದರು. ಈ ಸಲ ಹನಿ ಬಿಟ್ಟದ್ದು ಮಹಾನಂದಾಳ ಮಣಿಕಟ್ಟಿನ ಮೇಲೆ.

“ಹೇಳು. ಹೆಂಗೈತಿ?”

“ಬಿಸಿನೂ ಇಲ್ಲ. ಥಂಡಿನೂ ಇಲ್ಲ.”

“ಹಾಕು.”

ಮಹಾನಂದಾ ಪೊಟ್ಟಣ ಹರಿದಳು. ಪುಡಿ ನೀರಿಗೆ ಬಿದ್ದು, ಮೋಡದ ಹಾಗೆ ಹರಡಿತು. ಅವಳು ಲೋಟದ ಮೇಲೆ ಬಗ್ಗಿದ್ದಳು. ಕೋಟಿಗಟ್ಟಲೆ ಜನ. ಒಬ್ಬರ ಮುಖವೂ ಕಾಣುವುದಿಲ್ಲ.

“ಬರ್ರಿ,” ಎಂದು ಅವರಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದಳು. “ಲಗೂ ಒಳಗ ಬರ್ರಿ.”

ಆಮೇಲೆ ಮೆತ್ತಗೆ ಹಿಸುಕಿದ ಅನ್ನಕ್ಕೆ ಅಜ್ಜಿ ಹಿಂದಿನ ದಿನ ಹೆಪ್ಪು ಹಾಕಿದ್ದ ಮೊಸರು ಬಿತ್ತು. ಗೌರೀಶ ನಾಲ್ಕು ತುತ್ತು ತಿಂದ. ಐದನೆಯದಕ್ಕೆ ಬಾಯಿ ತೆರೆಯಲಿಲ್ಲ. ನಾಲ್ಕೇ ಆದರೂ ಅಜ್ಜಿಯ ಮುಖ ಅರಳಿತು.

“ಜರೀನಾ, ನನ್ನ ಹೆಪ್ಪೂ ಔಷಧ ಆತಲ್ಲ ಹಂಗಾರ? ಇನ್ನ ಯಾರರ ಕೇಳಾಕ ಬಂದ್ರ ಫೀಸು ಇಸಗೋತೇನಿ!”

“ಔಷಧ ಅಲ್ಲಬೇ ಮಹಾದೇವಕ್ಕ, ಊಟ,” ಎಂದಳು ಜರೀನಾಬಿ. “ಪುಡ್ಯಾಗಿನವು ಆರಿಸಿ ತಂದವು. ನಿನ್ನ ಗಡಿಗ್ಯಾಗ ಯಾರಾರು ಅದಾರೋ ಯಾರಿಗೆ ಗೊತ್ತು!”

“ಎಲ್ಲಾ ನಮ್ಮ ಬಳಗದವ್ರ ಅದಾರ! ನನ್ನ ತವರಮನಿಂದ ಬಂದವ್ರು,” ಎಂದಳು ಅಜ್ಜಿ ಠೀವಿಯಿಂದ.

ಜರೀನಾಬಿ ಬಿದ್ದು ಬಿದ್ದು ನಕ್ಕಳು. ಮನೆಯಲ್ಲಿ ಆ ದಿನ ಮೊದಲ ಸಲ ನಗು ಕೇಳಿಸಿತು.

ದೀಪ ಹಚ್ಚುವ ಹೊತ್ತಾಯಿತು. ಅಜ್ಜಿ ಗೌರೀಶನನ್ನು ತೊಡೆಯ ಮೇಲೆ ಹಾಕಿಕೊಂಡು ಮೆಲ್ಲಗೆ ತಟ್ಟುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಅವಳ ಕೈ ನಿಂತಿತು. ಕಣ್ಣು ಅಗಲವಾದವು.

“ಏನಾತಜ್ಜಿ?” ಮಹಾನಂದಾ ಹೌಹಾರಿದಳು.

ಅಜ್ಜಿಯ ಇಳಕಲ್ ಸೀರೆಯ ಮೇಲೆ ಒಂದು ಕಪ್ಪು ಕಲೆ ಮೂಡಿ, ಮೆಲ್ಲಗೆ ದೊಡ್ಡದಾಗುತ್ತಿತ್ತು.

“ಹೊಯ್ದಾ!” ಎಂದು ಅಜ್ಜಿ ಕೂಗಿದಳು. “ಹೊಯ್ದಾ ಬೇ! ಉಚ್ಚಿ ಹೊಯ್ದಾ!”

“ಹೊಯ್ದಾ!” ಎಂದು ಮಹಾನಂದಾ ಚಮಚ ಎತ್ತಿ ಹಾರಿದಳು.

“ಹೊಯ್ದಾ!” ಎಂದು ಜರೀನಾಬಿ ಆಗಲೇ ಫೋನಿನಲ್ಲಿ ಹೇಳುತ್ತಿದ್ದಳು. “ಹೂಂರಿ ಮೇಡಂ, ಮಸ್ತ್ ಹೊಯ್ದಾನ್ರಿ! ಮಹಾದೇವಕ್ಕನ ಸೀರಿ ತುಂಬಾ!”

ಗದ್ದಲಕ್ಕೆ ಬೆಚ್ಚಿ ಗೌರೀಶ ಅಳತೊಡಗಿದ. ಮಹಾನಂದಾ ಅವನ ಮುಖಕ್ಕೆ ಮುಖ ತಂದು ನೋಡಿದಳು. ಎಡಗಣ್ಣಿನ ಮೂಲೆಯಲ್ಲಿ ಒಂದು ಹನಿ ಹುಟ್ಟಿ, ದಪ್ಪಗಾಗಿ, ಕೆನ್ನೆಯ ಮೇಲೆ ಉರುಳಿತು. ಅಷ್ಟು ಚೆಂದದ ಹನಿಯನ್ನು ಅವಳು ಈವರೆಗೆ ನೋಡಿರಲಿಲ್ಲ.

ಮೇಡಂ ಫೋನಿನಲ್ಲಿ, “ಶಭಾಷ್! ನಿಲ್ಲಸಬ್ಯಾಡ್ರಿ. ಜಾಡಿಸಿದಾಗೆಲ್ಲಾ ಕೊಡ್ರಿ,” ಎಂದರು. ಮತ್ತೆ, “ಆ ಯುದ್ಧ ಮಾಡಿದಾಕಿ ಎಲ್ಲಿ? ಆಕಿಗೂ ಉಣ್ಣಾಕ ಹಾಕ್ರಿ,” ಎಂದರು.

ಆಗಲೇ ಮಹಾನಂದಾಳಿಗೆ ನೆನಪಾಗಿದ್ದು, ತಾನು ಮುಂಜಾನೆಯಿಂದ ಏನೂ ತಿಂದಿಲ್ಲವೆಂದು.

*

ಸೋಮವಾರ ಮುಂಜಾನೆ ಹಳ್ಳ ಇಳಿಯಿತು. ಬೈಕು ಅಂಗಳದಲ್ಲಿ ಪೂರ್ತಿ ನಿಲ್ಲುವ ಮೊದಲೇ ಅವ್ವ ಜಿಗಿದು ಒಳಗೆ ಓಡಿಬಂದಳು. ಮೊಣಕಾಲಿನ ತನಕ ಕೆಸರು, ತಲೆಯ ತುಂಬ ಹೆಸರಿನ ಹೊಟ್ಟು.

ಗೌರೀಶ ಪಡಸಾಲೆಯ ನಡುವೆ ಕೂತು, ಗಂಗಾಳಕ್ಕೆ ಸೌಟಿನಿಂದ ಬಡಿಯುತ್ತಿದ್ದ. ಹೊಟ್ಟೆ ಪೂರ್ತಿ ನೆಟ್ಟಗಾಗಿರಲಿಲ್ಲ. ಅಂಗಳದ ಹಗ್ಗದ ಮೇಲೆ ಇನ್ನೂ ಚಡ್ಡಿಗಳಿದ್ದವು. ಆದರೆ ಕಣ್ಣು ಮಿನುಗುತ್ತಿದ್ದವು. ಅವ್ವ ಅವನನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅಪ್ಪ ಬಾಗಿಲಲ್ಲೇ ನಿಂತು ತಲೆಯ ಟಾವೆಲ್ಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

“ಅಳಬ್ಯಾಡ್ರಿ ಈಗ,” ಎಂದಳು ಅಜ್ಜಿ. “ನಿಮ್ಮ ಮಗಳ ಕೈಲೆ ಉಳದಾನ. ನಾ ಬಾಟ್ಲಿ ಮ್ಯಾಲಿಟ್ಟಿದ್ನಿ. ಆಕಿ ಪುಡಿಗೆ ಕುದಿನೀರ ಹಾಕಿದ್ಲು. ಎಲ್ಲಾ ಆಮ್ಯಾಲೆ ಹೇಳ್ತೇನಿ.”

“ಏನ್ ಇಟ್ಟಿದ್ರಿ? ಏನ್ ಹಾಕಿದ್ಲು?” ಅವ್ವ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದಳು.

ಅಷ್ಟರಲ್ಲಿ ಮಹಾನಂದಾ ಹೊಸದಾಗಿ ಕಲಸಿದ ಓಆರ್‌ಎಸ್ ಲೋಟ, ಚಮಚ ಹಿಡಿದು ಬಂದಿದ್ದಳು. ಎದೆ ಉಬ್ಬಿತ್ತು. ಇಂಥ ಹೊತ್ತಿಗೆ ಪ್ರತಾಪನೂ ಇಲ್ಲಿ ಇದ್ದಿದ್ದರೆ ಎನ್ನಿಸಿತು.

“ನೋಡ್ರಿ ಹೆಂಗ ಕುಡೀತಾನ! ನಿನ್ನೆ ನಾ ಕೊಟ್ರ ಒಂದ ಹನಿ ಬಿಟ್ಟಿಲ್ಲ. ಅವ್ವಾ, ನೀ ಸುಮ್ನ ನೋಡ. ಗೌರ್‍ಯಾ, ಆ ಅನ್ನು.”

ಎಲ್ಲರೂ ನೋಡುತ್ತಿದ್ದರು. ಗೌರೀಶ ಚಮಚವನ್ನು ನೋಡಿದ. ಅಕ್ಕನ ಮುಖ ನೋಡಿದ. ತುಟಿ ಬಿಗಿ ಹಿಡಿದ.

“ಆ ಅನ್ನು ಲೇ. ಎಲ್ಲಾರೂ ನೋಡಾಕತ್ತಾರ.”

ಅವನು ಮುಖ ಈ ಕಡೆ ತಿರುಗಿಸಿದ. ಚಮಚವೂ ಈ ಕಡೆ ಬಂತು. ಮುಖ ಆ ಕಡೆ ತಿರುಗಿಸಿದ. ಚಮಚವೂ ಆ ಕಡೆ ಹೋಯಿತು. ಆಗ ಅವನು ಕೈ ಎತ್ತಿ ಒಂದು ಏಟು ಕೊಟ್ಟ. ಚಮಚ ಠಣ್ ಎಂದು ಮೂಲೆಗೆ ಹಾರಿತು. ಉಪ್ಪುನೀರು ಮಹಾನಂದಾಳ ಮೂಗಿನ ಮೇಲೆ ಬಿತ್ತು.

ಅಪ್ಪ ಕಿಸಕ್ಕನೆ ನಕ್ಕ. ಮಹಾನಂದಾಳ ಕಿವಿ ಬಿಸಿಯಾದವು. ಬೈಯಲು ಬಾಯಿ ತೆರೆದಳು.

ತೆರೆದ ಬಾಯಿ ಹಾಗೇ ನಿಂತಿತು. ಏಟು ಬಿದ್ದ ಕೈ ಚುರುಗುಟ್ಟುತ್ತಿತ್ತು. ನಿನ್ನೆ ಮಧ್ಯಾಹ್ನ ತಮ್ಮನ ಆ ಪುಟ್ಟ ಕೈಗೆ ಕೌದಿಯಿಂದ ಮೇಲೇಳುವ ಶಕ್ತಿಯೂ ಇರಲಿಲ್ಲ. ಕೊಟ್ಟದ್ದನ್ನೆಲ್ಲ ಕುಡಿದಿದ್ದ, ಬೇಡವೆನ್ನಲು ಆಗದೆ. ಅವಳು ಮೂಗಿನ ಮೇಲಿನ ಹನಿಯನ್ನು ನಾಲಿಗೆ ಚಾಚಿ ನೆಕ್ಕಿದಳು. ಥೂ! ಉಪ್ಪುಪ್ಪು, ಸಿಹಿಸಿಹಿ. ಒಳಗಿನಿಂದ ನಗು ಗುಳುಗುಳು ಎಂದು ಎದ್ದು ಬಂತು.

ಅವಳು ಹೋಗಿ ಚಮಚ ತೊಳೆದು ತಂದಳು. ಮತ್ತೆ ತುಂಬಿದಳು. ಈ ಸಲ ಯಾರಿಗೂ ತೋರಿಸಲಿಕ್ಕಲ್ಲ. ಕೈಯಿಂದ ಹೇಳಿದ್ದನ್ನು ಅವನ ಬಾಯಿಂದಲೂ ಒಮ್ಮೆ ಕೇಳುವ ಆಸೆಗೆ, ಮೆತ್ತಗೆ ಚಾಚಿದಳು.

“ಒಂದ ಚಮಚಾ, ತಮ್ಮಾ?”

“ಒಲ್ಲೆ!” ಎಂದ ಗೌರೀಶ.